ಗಾಜಿನವನ ಬಿಲ್ಲು

ಕಂಪನಿಯವರು ಒಂಬತ್ತಕ್ಕೇ ಕೈತೊಳೆದುಕೊಂಡರು.
ಒಂಬತ್ತನೆಯ ಸಂಚಿಕೆಯ ಕೊನೆಯ ಪುಟದಲ್ಲಿ
ಐವರೂ ಸೇತುವೆಯಿಂದ ಬೀಳುತ್ತಲೇ ಇದ್ದರು.
ಮುಂದಿನ ತಿಂಗಳು ಎಂದು ಬರೆದಿತ್ತು.
ಆ ತಿಂಗಳು ಬರಲೇ ಇಲ್ಲ.

ಎರಡು ವರ್ಷ ಕಾದು, ಕೊನೆಗೆ ನಾನೇ ಕೈಚಾಚಿ ಹಿಡಿದೆ:
ಡುಲೂತಿನ ತೆರಿಗೆ ಕಚೇರಿಯ ಟೈಪಿಸ್ಟು, ವರ್ನಾ ಲಾಹ್ಟಿ,
ವಯಸ್ಸು ನಲವತ್ತಾರು, ಬಲಗಣ್ಣಿಗೆ ಪೊರೆ ಶುರು.
ಸಂಜೆ ಐದಾದ ಮೇಲೆ ಜೆರಾಕ್ಸು ಯಂತ್ರ ನನ್ನದು
(ಕಾಗದ ನನ್ನ ದುಡ್ಡಿನದೇ, ದೇವರಾಣೆ).
ಮೂವತ್ತೊಂದು ಪ್ರತಿ, ಮೂವತ್ತೊಂದು ಲಕೋಟೆ,
ಅಂಚೆಚೀಟಿ ನೆಕ್ಕಿ ನೆಕ್ಕಿ
ಆ ರಾತ್ರಿಯ ಸಾರಿಗೆಲ್ಲ ಅಂಟಿನ ರುಚಿ.

ಉಲ್ಕೆ, ನೆರಳಿ, ಉಕ್ಕಜ್ಜ, ಮತ್ತೆ ಆ ಅವಳಿ ಹುಡುಗರು,
ಒಬ್ಬ ಕೆಮ್ಮಿದರೆ ಇನ್ನೊಬ್ಬ ಮಾಯವಾಗುವವರು.

ಓದಿದವರು ಸುಮ್ಮನಿರುತ್ತಾರೆಯೇ?
ಫಾರ್ಗೋದ ಡೆಲ್ಬರ್ಟ್ ಹೌಗನ್, ಸದಾ ಕೆಂಪು ಶಾಯಿ:
"ಹನ್ನೆರಡನೇ ಕಂತಿನಲ್ಲಿ ಉಕ್ಕಜ್ಜನ ತೂಕ ಮೂರು ಟನ್ನು,
ಹದಿಮೂರರಲ್ಲಿ ಎರಡೂವರೆ. ಉಪವಾಸವೇ?"
ನದಿಯಾಚೆಯ ಸುಪೀರಿಯರಿನ ಹನ್ನೊಂದರ ಪೋರ, ಕೋರಿ:
"ಹೊಡೆದಾಟ ಸಾಲದು. ಮುತ್ತು ಜಾಸ್ತಿ."
ಮುತ್ತು ಇದ್ದದ್ದು ಒಂದೇ. ಅದೂ ಹಣೆಗೆ.
ಯಾರೋ ಅಯೋವದಾಕೆ ಹದಿನೆಂಟು ಪುಟ ಹೊಗಳಿ
ಹತ್ತೊಂಬತ್ತನೆಯದರಲ್ಲಿ ತನ್ನ ನಾಯಕನನ್ನು ಕಳಿಸಿದ್ದಳು,
ನಮ್ಮವರ ಜೊತೆ ಉಣ್ಣಲು ಕೂರಿಸಿ ಎಂದು.

ಕಳೆದ ಫೆಬ್ರವರಿ. ಸರೋವರ ಕಲ್ಲಾಗಿತ್ತು.
ಹಿಬ್ಬಿಂಗಿನಿಂದ ಒಂದು ಕಂದು ಲಕೋಟೆ.
ಒಳಗೆ ಓಲೆಯಿಲ್ಲ. ಬಿಲ್ಲು.

ಓರಿನ್ ಸ್ಕಾಗ್ಸ್, ಕಿಟಕಿ ಗಾಜು ಕೂರಿಸುವವರು.
ಕಂತು ಹದಿನಾಲ್ಕು, ಪುಟ ಏಳು:
ಬ್ಯಾಂಕಿನ ಕಿಟಕಿ, ಕಾಲಿಂಚು ದಪ್ಪ, ನಲವತ್ತೊಂದು.
ಪುಟ ಒಂಬತ್ತು: ಶಾಲೆಯದು, ಹದಿನೆಂಟು.
ಮೆತ್ತುವ ಪುಟ್ಟಿ, ಹನ್ನೆರಡು ಪೌಂಡು.
ಗುಡಿಸುವ ಕೂಲಿ, ಇಬ್ಬರಿಗೆ, ಮೂರು ದಿನ.
ಬಸ್ಸಿನ ಗಾಜು ಸೇರಿಲ್ಲ, ಅದು ವಿಮೆಯವರ ಪಾಡು.
ಐವರಲ್ಲಿ ಯಾರಾದರೂ ಮೂವತ್ತು ದಿನದೊಳಗೆ ಪಾವತಿಸತಕ್ಕದ್ದು.

ಬಾಣವಿಲ್ಲದ ಬಿಲ್ಲು, ಆದರೂ ನಾಟಿತು.
ನಕ್ಕೆ, ಚಹಾ ಚೆಲ್ಲುವಷ್ಟು. ಆಮೇಲೆ
ಹತ್ತರಿಂದ ಹಿಂದೆಮುಂದೆ ತಿರುವಿ ಎಣಿಸುತ್ತ ಕೂತೆ:
ಇನ್ನೂರ ಆರು ಕಿಟಕಿ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ,
ನನ್ನವರಿಗೆ ಅರ್ಧ ವಾಕ್ಯ.

ಹದಿನೈದರಲ್ಲಿ ನೆರಳಿ ಬಾಗಿಲಿಂದಲೇ ಬಂದಳು,
ಕಾಲೊರೆಸಿಕೊಂಡಳು, ಕದ ಮೆಲ್ಲಗೆ ಮುಂದೆ ಮಾಡಿದಳು.
ಉಲ್ಕೆ ಇಳಿದದ್ದು ಖಾಲಿ ಹೊಲದಲ್ಲಿ.
ಕಳ್ಳರನ್ನು ಮಾತಾಡಿ ಒಪ್ಪಿಸಿದರು.
ನನಗಂತೂ ಹೆಮ್ಮೆ.

ಓರಿನ್ ಸ್ಕಾಗ್ಸ್ ಈ ಸಲ ಬರೆದದ್ದು ಓಲೆಯೇ, ಪೆನ್ಸಿಲಿನಲ್ಲಿ:
"ತಾಯಿ, ಒಂದೂ ಒಡೆಯಲಿಲ್ಲ. ಓದುತ್ತ ನಿದ್ದೆ ಹೋದೆ.
ನಮ್ಮ ಹೊಟ್ಟೆಗೆ ಕಲ್ಲು ಹಾಕಬೇಡಿ, ಕಿಟಕಿಗೆ ಹಾಕಿ.
ಒಂದಾದರೂ ಒಡೆಯಲಿ. ಬಿದ್ದದ್ದು ಕೇಳಿಸಲಿ."

ಹಾಗಾಗಿ ಹದಿನಾರರಲ್ಲಿ ಒಂದೇ ಒಂದು.
ರೊಟ್ಟಿಯಂಗಡಿಯ ಮುಂಗಿಟಕಿ, ಉಕ್ಕಜ್ಜನ ಮೊಣಕೈ ತಗುಲಿ.
ಅಜ್ಜ ಕ್ಷಮೆ ಕೇಳುತ್ತ ನಿಂತೇ ಇದ್ದ, ಯುದ್ಧ ಅತ್ತ ಹೋಯಿತು.
ಬೆಳಿಗ್ಗೆ ಏಣಿ ಹೊತ್ತು ಒಬ್ಬ ಬಂದ,
ಹಳೆಯ ಪುಟ್ಟಿ ಉಗುರಿನಿಂದ ಕೆರೆದ,
ಚೌಕಟ್ಟು ಅಳೆದ, ಇನ್ನೊಮ್ಮೆ ಅಳೆದ,
ಹೊಸ ಗಾಜಿಗೆ ಹಾ ಎಂದು ಊದಿ ತೋಳಿನಿಂದ ಒರೆಸಿದ.
ನಾಲ್ಕು ಪುಟ ಅಷ್ಟೇ. ಮಾತಿಲ್ಲ.

ಡೆಲ್ಬರ್ಟನ ಕೆಂಪು ಶಾಯಿ: "ಯುದ್ಧ ಎಲ್ಲಿ ಕಳೆದುಹೋಯಿತು?"
ಅಯೋವದಾಕೆ ಇನ್ನೂ ಮುನಿಸು, ಊಟಕ್ಕೆ ಕರೆಯಲಿಲ್ಲವೆಂದು.
ಸ್ಕಾಗ್ಸರಿಂದ ಸುದ್ದಿಯಿಲ್ಲ. ಕೆಲಸ ಸಿಕ್ಕಿರಬೇಕು.

ಕೋರಿಯದು ನಿನ್ನೆ ಬಂತು, ಹಿಂಬದಿಯಲ್ಲಿ ಏಣಿಯ ಚಿತ್ರ,
ಮೆಟ್ಟಿಲು ಒಂದು ಹೆಚ್ಚೇ ಬಿದ್ದಿದೆ:
"ಆ ಮನುಷ್ಯ ಮತ್ತೆ ಬರುತ್ತಾನಾ?
ಅವನ ಶಕ್ತಿ ಏನು?"

ಯಂತ್ರಕ್ಕೆ ಹಾಳೆ ಸುತ್ತಿಟ್ಟಿದ್ದೇನೆ.
ಪ್ರೀತಿಯ ಕೋರಿ, ಎಂದಷ್ಟೇ ಆಗಿದೆ.