ಷರಾ

ಮುಂಬಯಿಯ ಹರಾಜಿನಲ್ಲಿ ಮೊನ್ನೆ
ಬಿಳಿ ಕ್ಯಾನ್ವಾಸಿನ ಮೇಲೆ ಎಳೆದ ಒಂದೇ ಒಂದು ಕೆಂಪು ಗೆರೆ
ಹನ್ನೊಂದು ಕೋಟಿಗೆ ಹೋಯಿತಂತೆ.
ನವನಗರದ ಚಹಾದಂಗಡಿಯಲ್ಲಿ ಪೇಪರು ಓದಿ
ಎಲ್ಲರೂ ನಕ್ಕರು.
ನಾನು ನಗಲಿಲ್ಲ. ಅದಕ್ಕಿಂತ ತುಟ್ಟಿಯ ಗೆರೆ ಎಳೆಯುವುದನ್ನು
ಪಕ್ಕದಲ್ಲೇ ಬಣ್ಣದ ಡಬ್ಬಿ ಹಿಡಿದು ನಿಂತು ನೋಡಿದವ ನಾನು.

ಆಗ ನಾನು ಭೂಸ್ವಾಧೀನದ ಗುಮಾಸ್ತ.
ಹಳೆ ಬಾಗಲಕೋಟೆಯ ಓಣಿ ಓಣಿ ತಿರುಗಿ
ಮುಳುಗಲಿರುವುದಕ್ಕೆಲ್ಲ ಬೆಲೆ ಬರೆಯುವ ಕೆಲಸ.
ಮಣ್ಣಿನ ಗೋಡೆ ಇಷ್ಟು, ಕಲ್ಲಿನದು ಅಷ್ಟು,
ಸಾಗವಾನಿ ತೊಲೆ, ಹಿತ್ತಲ ಬೇವು, ಒರಳು ಹುಗಿದ ಕಟ್ಟೆ,
ಎಲ್ಲಕ್ಕೂ ಫಾರಮಿನಲ್ಲಿ ಒಂದೊಂದು ಕಾಲಮು.
ಸುಣ್ಣಬಣ್ಣಕ್ಕೆ ಮಾತ್ರ ಕಡ್ಡಿ ಮುರಿದಂತೆ:
ಹೊಸದಾದರೆ ಚದರಿಗಿಷ್ಟು,
ಹಳೆಯದಾದರೆ ಸೊನ್ನೆ.

ನೀರು ಎಲ್ಲಿಯತನಕ ಬರುತ್ತದೆಂದು
ಮೋಜಣಿಯವರು ದುರ್ಬೀನಿನಲ್ಲಿ ನೋಡಿ ಕೈ ಎತ್ತಿದರೆ
ಅಲ್ಲಿ ಕೆಂಪು ಗೆರೆ ಹೊಡೆಯಲು ದಿನಗೂಲಿಗೆ ಬಂದವ
ಪೇಂಟರ್ ದಾವಲಸಾಬ ನದಾಫ.
ಊರಿನ ಅರ್ಧ ಬೋರ್ಡು ಅವನ ಕೈಯವೇ,
ಕಿರಾಣಿ, ಖಣದಂಗಡಿ, ಹಲ್ಲಿನ ಡಾಕ್ಟರರ ಮೂವತ್ತೆರಡು ಹಲ್ಲು.
ಗೆರೆಯ ಕೆಳಗಿನ ಮನೆಗೆ ಲಕ್ಷ ಲಕ್ಷ,
ಗೇಣು ಮೇಲಿದ್ದರೆ ಬರಿ ನಮಸ್ಕಾರ.
ರಾತ್ರಿ ಅವನ ಬಾಗಿಲು ಬಡಿದವರಿಗೆ ಲೆಕ್ಕವಿಲ್ಲ:
“ಎರಡ ಇಂಚ ಮ್ಯಾಲ ಎಳಿಯೋ ಮಾರಾಯಾ,
ನಿನ್ನ ಮಕ್ಕಳಿಗೆಲ್ಲಾ ಅರಿವಿ ತರ್ತೀನಿ.”
ಬೀಡಿ ಕಚ್ಚಿಕೊಂಡೇ ನನಗಂದ:
“ಜಲ್ಮದಾಗ ಇಷ್ಟ ರೊಕ್ಕದ ಚಿತ್ರ ತಗದಿಲ್ರಿ ಸಾಹೇಬ್ರ.
ಕೆಳಗ ಸಹಿ ಮಾಡಾಕ ಬಿಡೂದಿಲ್ಲ, ಅಷ್ಟ.”

ಅವನಿದ್ದದ್ದು ಎಣ್ಣೆ ಗಿರಣಿಯ ಹಿಂದಿನ ಬಾಡಿಗೆ ಕೋಣೆ.
ಹಳೆ ವಾರಪತ್ರಿಕೆಯ ಹಾಳೆಗಳನ್ನು ಗಂಜಿ ಹಚ್ಚಿ ಅಂಟಿಸಿದ್ದ:
ಕಿವಿಗೆ ಪಟ್ಟಿ ಕಟ್ಟಿಕೊಂಡ ವ್ಯಾನ್ ಗೋ,
ಒಂದೇ ಮಗ್ಗುಲಿಗೆ ಎರಡು ಕಣ್ಣಿಡುವ ಪಿಕಾಸೊ,
ಬರಿಗಾಲಿನ, ಬಿಳಿಗಡ್ಡದ ಹುಸೇನ್.
“ಈ ಪಟ್ಟಿಯವಗ ಸತ್ತಮ್ಯಾಲೆ ಬೆಲಿ ಬಂತಂತ.
ನಮ್ಮೂರ ಗ್ವಾಡಿನೂ ಹಂಗ ನೋಡ್ರಿ,
ಮುಳುಗೂದು ಖಾತ್ರಿ ಆತು, ಬೆಲಿ ಬಂತು.”

ಎದುರಿನ ಗೋಡೆ ತುಂಬ ನೀರು.
ಹೊರಗೆ ಅವನೇ ಎಳೆದ ಗೆರೆಯಿತ್ತಲ್ಲ,
ಒಳಗೂ ಸರಿಯಾಗಿ ಅದೇ ಎತ್ತರಕ್ಕೆ, ಬೋರ್ಡಿಗೆ ಉಳಿದ ನೀಲಿ.
ನೀರಿನೊಳಗೆ ಅದೇ ಕೋಣೆ:
ನಿಚ್ಚಣಿಕೆ, ಸೈಕಲ್ಲು, ಗೂಟಕ್ಕೆ ತೇಲುವ ಅಂಗಿ,
ಒಲೆ ಊದುತ್ತ ಕೂತ ಅವನ ಹೆಂಡತಿ ಖಾತೂನಬಿ,
ಹೊಗೆಯ ಬದಲು ಗುಳ್ಳೆ ಗುಳ್ಳೆ ಗುಳ್ಳೆ.
ತುರುಬಿನ ಹತ್ತಿರ ಒಂದು ಮೀನು, ಬಾಯಿ ತೆರೆದು,
ಏನೋ ಸಾಲ ಕೇಳಲು ಬಂದಂತೆ.
ಗೆರೆಯ ಮೇಲೆ ಬರಿ ಸುಣ್ಣ.
“ಮೇಲಿನದು ಯಾಕೆ ಬಿಟ್ಟೆ?” ಎಂದೆ.
“ಮ್ಯಾಲಿಂದಕ್ಕ ಪರಿಹಾರ ಇಲ್ಲಲ್ರಿ.”

ಟೇಪು ಹಿಡಿದೆ. ಹನ್ನೊಂದು ಅಡಿ, ಒಂಬತ್ತು ಅಡಿ.
ಗೋಡೆ ಗಿರಣಿಯ ಸರನಾಡಗೌಡರದು.
ನೀಲಿ ಯಾರದು?
ಬಾಡಿಗೆದಾರನಿಗೇ ಕಾಲಮಿಲ್ಲ, ಮೀನಿಗೆಲ್ಲಿಯದು.
ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ
ಷರಾ ಎಂಬಲ್ಲಿ ಬರೆದೆ:
ಉತ್ತರದ ಗೋಡೆಯ ಮೇಲೆ ನೀರು ಇದೆ.

ಹದಿನೈದು ದಿನಕ್ಕೆ ಕಡತ ತಿರುಗಿ ಬಂತು.
ಸಾಹೇಬರ ಹಸಿರು ಶಾಯಿ:
ಗೋಡೆಗೆ ತೇವವೇ? ಹಾಗಿದ್ದಲ್ಲಿ
ಶೇಕಡಾ ಐದು ಕಡಿತಗೊಳಿಸಿ ಮಂಡಿಸಿ.

ಕಡಿತಗೊಳಿಸಿ ಮಂಡಿಸಿದೆ.
ಹೆಂಡತಿ ಮಕ್ಕಳಿದ್ದ ಗುಮಾಸ್ತ, ಇನ್ನೇನು ಮಾಡಲಿ.
ಹೇಳಿದಾಗ ದಾವಲಸಾಬ ಕೆಮ್ಮು ಬರುವ ತನಕ ನಕ್ಕ:
“ಐದ ಟಕ್ಕೆ! ಅಂದ್ರ ಖರೇನ ತೊಯ್ದದ್ದು ಕಂಡಿತು ಅವರಿಗೆ.
ನೋಡದ ಇದ್ದಾವ್ರಿಗೆ.”

ಗೌಡರಿಗೆ ಚೆಕ್ಕು ಬಂತು. ಅವನು ಏಣಿ ಹೊತ್ತು
ಕುಷ್ಟಗಿಯ ಕಡೆ ಹೋದ ಎಂದರು, ಹುಬ್ಬಳ್ಳಿಗೆ ಎಂದರು.
ಬೇಸಿಗೆಗೆ ಹಿನ್ನೀರು ಇಳಿದಾಗ ಒಮ್ಮೆ ನೋಡಿ ಬಂದೆ.
ಗಿರಣಿಯ ಕಲ್ಲಿನ ಗಾಣ ಇತ್ತು.
ನೀರು ಅವನ ನೀಲಿಯಷ್ಟೇ ಏರಿತ್ತೋ ಏನೋ,
ಅಳೆಯಲು ಗೋಡೆ ಇರಲಿಲ್ಲ.

ಕೆಂಪು ಗೆರೆಯ ಆ ಫೋಟೋ ಹರಿದು ಕಿಸೆಗಿಟ್ಟುಕೊಂಡೆ.
ಪೇಪರು ಹಾಳು ಮಾಡಿದಿರೆಂದು ಅಂಗಡಿಯವ ಮುಖ ಗಂಟಿಕ್ಕಿದ.
ಚಹಾದ ರೊಕ್ಕದ ಮೇಲೆ
ಐದು ರೂಪಾಯಿ ಜಾಸ್ತಿ ಇಟ್ಟು ಎದ್ದೆ.