ರಸೀದಿ

ಕೊಶಿತ್ಸೆಯ ಕಾಂಕ್ರೀಟು ಕಟ್ಟಡ, ಐದನೇ ಮಹಡಿ.
ಎಟೆಲಾಳ ಬಾಗಿಲಿಗೆ ಮೂರು ಚಿಲಕ.
ಹೊಸದಾಗಿ ಬಂದವಳು ನಾನು, ಪ್ಲಮ್ ಹಣ್ಣಿನ ಕೇಕು
ಮಗಳ ಕೈಲಿ ಕಳಿಸಿದೆ.

ತಟ್ಟೆ ಮುಟ್ಟಲಿಲ್ಲವಂತೆ.
‘ಕೊಟ್ಟೆ ಅಂತ ಬರೆದುಕೊಡು’ ಅಂದಳಂತೆ
ಆರು ವರ್ಷದ ಹುಡುಗಿಗೆ.
ಅಕ್ಷರ ಪೂರಾ ಬಾರದ ನನ್ನ ವಿಯೆರ್ಕಾ
ಚೀಟಿಯಲ್ಲೊಂದು ಪ್ಲಮ್ ಬರೆದು
ಅಡಿಗೆ ಹೆಸರು ಗೀಚಿ ಬಂದಳು.

ನನಗೆ ಉರಿದುಹೋಯಿತು.
ಏನಂದುಕೊಂಡಿದ್ದಾಳೆ ಇವಳು, ನಾವೇನು—
ಶುರುವಾದ ಮಾತು ನಾಲಗೆಯಲ್ಲೇ ನಿಂತಿತು.
ನಾವು ಅಂದರೆ ಯಾರು?

ಸಂಜೆ ಅವಳೇ ಬಂದಳು. ತೊಳೆದ ತಟ್ಟೆ,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ.
ಡಬ್ಬಿ ತುಂಬ ಹಳದಿಗಟ್ಟಿದ ರಸೀದಿ:
ಉಪ್ಪು, ಸೋಪು, ದಾರದುಂಡೆ,
ಗಂಡನ ಶವಪೆಟ್ಟಿಗೆ.
‘ಕೆಂಪು ಚಪ್ಪಲಿಯದು ಮಾತ್ರ ಇಲ್ಲ.
ರೋಮಾ ಹುಡುಗಿಗೆ ಹೊಸ ಚಪ್ಪಲಿ ಎಲ್ಲಿಂದ ಬಂತು ಅಂತ
ಬಸ್‌ಸ್ಟಾಂಡಿನಲ್ಲೇ ಬಿಚ್ಚಿಸಿಕೊಂಡರು.
ಹತ್ತೊಂಬತ್ತು ನನಗಾಗ. ಹಿಮ ಬಿದ್ದಿತ್ತು.’

ನಾನು ಈವರೆಗೆ
ಒಂದು ರಸೀದಿಯನ್ನೂ ಎತ್ತಿಟ್ಟವಳಲ್ಲ.

ಎಲ್ಲಕ್ಕೂ ಮೇಲೆ ಪ್ಲಮ್ಮಿನ ಚಿತ್ರ, ಮಡಿಸದೆ.
ತಟ್ಟೆ ತಿರುವಿ ತೋರಿಸಿದಳು: ಬಿರುಕಿಲ್ಲ.
ಪೆನ್ನು ಚಾಚಿದಳು. ಸಹಿ ಹಾಕಿದೆ.

ಕೇಕು ಹೇಗಿತ್ತೆಂದು ಕೇಳಲು ಮರೆತೆ.