ಶನಿವಾರ ಸೈಕಲ್ ತರಬಾರದು

ಮೈಕಿನ ವ್ಯಾನು ಕೂಗಿ ಹೋಯಿತು:
ಶನಿವಾರ ಮತಗಟ್ಟೆಯ ಹತ್ತಿರ
ಸೈಕಲ್ ಸುಳಿಯಕೂಡದು.

ನಮ್ಮ ಗ್ಯಾಂಬಿಯಾದಲ್ಲಿ ಚೀಟಿಯಿಲ್ಲ, ಒತ್ತುವ ಗುಂಡಿಯಿಲ್ಲ.
ಕೈಗೊಂದು ಗಾಜಿನ ಗೋಲಿ ಕೊಡುತ್ತಾರೆ,
ಬಣ್ಣ ಬಳಿದ ಡ್ರಮ್ಮಿನ ಕೊಳವೆಗೆ ಬಿಡಬೇಕು.
ಒಳಗೊಂದು ಗಂಟೆ. ಠಣ್.
ಒಂದೇ ಸಲ.
ಎರಡು ಸಲ ಠಣ್ ಅಂದರೆ ಯಾರೋ ಕಳ್ಳ.
ಸೈಕಲ್ ಬೆಲ್ಲಿಗೂ ಅದೇ ದನಿಯಂತೆ,
ಅದಕ್ಕೇ ಈ ಕಟ್ಟಳೆ.

ನಾನು ಯಾಂಕುಬಾ, ಕುಂತೌರಿನ ದೋಣಿಕಟ್ಟೆಯ ಪಕ್ಕ
ಸೈಕಲ್ ರಿಪೇರಿಯವನು.
ಗಿರಾಕಿಯಿಲ್ಲದ ವಾರ.
ಅದಕ್ಕೇ ನಿನ್ನ ಜೊತೆ ಮಾತು,
ಇನ್ನೂ ಹೆಸರಿಲ್ಲದವಳೇ.
ಹೆಸರಿದೆ. ನನಗೆ ಗೊತ್ತಿಲ್ಲ, ಅಷ್ಟೆ.

ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ.
ಎಲ್ಲರೂ ತಮ್ಮ ಹೆಸರು ಹುಡುಕುತ್ತಾರೆ,
ನಾನು ನಿನ್ನದು.
ತಿಡಾ ಸುಸೊ, ಇಪ್ಪತ್ತೊಂಬತ್ತು:
ವಯಸ್ಸಿನಲ್ಲಿ ಕಿರಿಯಳು, ಸಂಬಂಧದಲ್ಲಿ ನನಗೆ ಚಿಕ್ಕಮ್ಮ.
ನ್ಯಾಮಾ ಕಿಂತೆ, ಮೂವತ್ತು:
ಎದೆ ಧಸಕ್ ಅಂತು, ಆಮೇಲೆ ನೆನಪಾಯಿತು
ಅವಳ ಮದುವೆಯ ಅಕ್ಕಿಮೂಟೆ
ನಾನೇ ಕ್ಯಾರಿಯರಿನಲ್ಲಿ ಹೊತ್ತು ತಂದದ್ದು.
ಸೊನಾ ಮಾನೆ, ಎಪ್ಪತ್ತೆರಡು. ಕ್ಷಮಿಸು ಅಜ್ಜೀ.

ನೀನು ನದಿಯಾಚೆಯ ಪಟ್ಟಿಯಲ್ಲಿರಬೇಕು.
ಆ ಗೋಡೆಯಲ್ಲೂ ಇದೇ ಮರುಭೂಮಿಯ ಧೂಳು
ಕಾಗದದ ಮೇಲೆ ಕೂತಿರುತ್ತದೆ, ಯಾರೋ
ಸೆರಗಿನಿಂದಲೋ ಅಂಗೈಯಿಂದಲೋ ಒರೆಸಿರುತ್ತಾರೆ.
ಅಂಗೈಯೆಂದೇ ಇಟ್ಟುಕೊಳ್ಳುತ್ತೇನೆ.

ಸಂಜೆ ಮರದ ಕೆಳಗೆ ಚಹಾ. ಮೂರು ಸುತ್ತು,
ಮೂರನೆಯದಕ್ಕೆ ಸಕ್ಕರೆ ಜಾಸ್ತಿ, ಜಗಳ ಕಮ್ಮಿ.
ಈ ಸಲ ಬದಲಾಗುತ್ತದೆ ನೋಡು, ಅನ್ನುತ್ತಾನೆ ಡೆಂಬೊ.
ಅಮ್ಮನೂ ಹಾಗೇ ಅನ್ನುತ್ತಾಳೆ,
ಬೇರೆ ವಿಷಯಕ್ಕೆ.
ಹೆಣ್ಣು ಕೇಳಲು ಒಯ್ಯುವ ಕೋಲಾ ಬೀಜಗಳನ್ನು
ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾಳೆ.
ಒಣಗಿದ್ದನ್ನು ತಾನೇ ಜಗಿದು
ಸೋಮವಾರದ ಸಂತೆಯಿಂದ ಹೊಸದು ತರುತ್ತಾಳೆ.
ಐದು ವರ್ಷಕ್ಕೊಮ್ಮೆ ಬರುವ ಇದಕ್ಕಾದರೂ
ತಾರೀಖು ಅಂತೊಂದಿದೆ.
ನಿನ್ನದು ಯಾವ ಕ್ಯಾಲೆಂಡರಿನಲ್ಲೂ ಕೆಂಪಾಗಿಲ್ಲ.

ಸೇತುವೆ ಕೊಡುತ್ತೇವೆ ಅಂದರು ಒಬ್ಬರು,
ಕರೆಂಟು ಅಂದರು ಇನ್ನೊಬ್ಬರು,
ಕಡಲೆಕಾಯಿಗೆ ಒಳ್ಳೆ ಬೆಲೆ ಅಂದರು ಎಲ್ಲರೂ.
ನೀನು ಒಂದು ಮಾತೂ ಕೊಟ್ಟಿಲ್ಲ.
ನಿನ್ನ ಮೇಲೆ ಸಿಟ್ಟು ಬಾರದ್ದಕ್ಕೆ
ಅದೂ ಒಂದು ಕಾರಣ.

ಹದಿನೆಂಟಕ್ಕೆ ಮೊದಲ ಸಲ ಗೋಲಿ ಸಿಕ್ಕಾಗ
ಅದು ಬೆಚ್ಚಗಾಗುವ ತನಕ ಹಿಡಿದು ನಿಂತಿದ್ದೆ.
ಬೇಗ ಬಿಡಪ್ಪಾ, ಅಂತ ಪರದೆಯಾಚೆಯಿಂದ ಗದರಿದರು.
ಎಣಿಸುವಾಗ ಮರದ ಹಲಗೆಯಲ್ಲಿ ಸಾಲು ಸಾಲು ಗುಳಿ,
ಪ್ರತಿ ಗೋಲಿಗೂ ಒಂದು.
ಲಾಂದ್ರದ ಬೆಳಕಿನಲ್ಲಿ ನೋಡುತ್ತಾ ನಿಂತವನಿಗೆ
ಯಾವುದೋ ಕೆನ್ನೆ ನೆನಪಾಯಿತು.
ನೋಡಿಯೇ ಇಲ್ಲದ ಕೆನ್ನೆ ಹೇಗೆ ನೆನಪಾಗುತ್ತದೆ,
ಕೇಳಬೇಡ.

ಇವತ್ತು ಮಧ್ಯಾಹ್ನ ಒಬ್ಬ ಹುಡುಗ
ದೋಣಿಯಿಂದ ಒಂದು ಲೇಡೀಸ್ ಸೈಕಲ್ ಇಳಿಸಿದ.
ಬೆಲ್ಲು ಕೆಟ್ಟಿದೆಯಂತೆ.
ಯಾರದೋ? ಟೀಚರದು, ಮತಗಟ್ಟೆ ಕೆಲಸಕ್ಕೆ ಬಂದಿದ್ದಾರೆ,
ಭಾನುವಾರ ಒಯ್ಯುತ್ತಾರೆ.
ಅಷ್ಟು ಹೇಳಿ ಓಡಿಹೋದ.

ನೀನೇ ಅಂತ ನಾನು ಹೇಳುತ್ತಿಲ್ಲ.
ಹೋದ ವರ್ಷ ಹೀಗೇ ಒಂದು ನೀಲಿ ಸೈಕಲ್ಲಿಗೆ
ಪುಕ್ಕಟೆ ಹೊಸ ಚೈನು ಹಾಕಿ ಕಾದಿದ್ದೆ.
ಬಂದವರು ಮೂರು ಮಕ್ಕಳ ತಾಯಿ,
ದುಡ್ಡು ಬೇಡವೆಂದರೂ ಕೊಟ್ಟು ಹೋದರು.

ಮುಚ್ಚಳ ಬಿಚ್ಚಿದೆ. ಸ್ಪ್ರಿಂಗು ತುಕ್ಕು ಹಿಡಿದಿತ್ತು,
ಸೀಮೆಎಣ್ಣೆಯಲ್ಲಿ ಅದ್ದಿ, ಒರೆಸಿ, ಜೋಡಿಸಿದೆ.
ಸರಿಹೋಯಿತೋ ಇಲ್ಲವೋ ಒತ್ತಿ ನೋಡಬೇಕಿತ್ತು.
ಒತ್ತಲಿಲ್ಲ.

ಈಗ ಶುಕ್ರವಾರ ರಾತ್ರಿ, ನದಿಯ ಕಡೆ ನಾಯಿಗಳು.
ಗ್ರೀಸಿನ ಬೆರಳಿಗೆ ಶಾಯಿ ಹಿಡಿಯುವುದಿಲ್ಲವೆಂದು
ಹೋದ ಸಲ ಬೈದಿದ್ದರು.
ಬಕೆಟ್ಟಿನ ಮುಂದೆ ಕೂತು
ಬೂದಿ ಹಾಕಿ ತಿಕ್ಕುತ್ತಿದ್ದೇನೆ,
ಉಗುರಿನ ಸಂದಿಯನ್ನೂ ಬಿಡದೆ.